ಪತ್ರದಿಂದ ಪರದೆಯವರೆಗೆ: ಸೃಜನಶೀಲತೆಗೆ ಸಮ್ಮೇಳನ ಎಷ್ಟು ಬೇಕು?

ಬೆಂಗಳೂರಿನಿಂದ ಹೊರಟ ರೈಲು ಅರಸೀಕೆರೆ ದಾಟಿ ಕಡೂರಿಗೆ ಬರುತ್ತದೆ. ಮುಂದೆ ಬೀರೂರು ಜಂಕ್ಷನ್ನಿನಲ್ಲಿ ಹಳಿ ಎರಡಾಗುತ್ತದೆ. ಒಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿಯ ಕಡೆಗೆ, ಇನ್ನೊಂದು ತರೀಕೆರೆಯ ಮೇಲೆ ಶಿವಮೊಗ್ಗದ ಕಡೆಗೆ ಹೋಗುತ್ತದೆ. ಈ ಮೂರು ಊರುಗಳ ಪೈಕಿ ಒಂದರಲ್ಲಿ ನೀವು ವಿಜ್ಞಾನದ ಅಧ್ಯಾಪಕರೋ ವಿದ್ಯಾರ್ಥಿಯೋ ಆಗಿದ್ದೀರಿ ಎಂದಿಟ್ಟುಕೊಳ್ಳಿ. ಹೊಸ ವಿಚಾರಗಳು ಮನುಷ್ಯನ ತಲೆಯಲ್ಲಿ ಹೇಗೆ ಹುಟ್ಟುತ್ತವೆ ಎಂದು ಸಂಶೋಧಿಸುವವರೂ, ಆ ತಿಳಿವಳಿಕೆಯನ್ನು ತರಗತಿಯಲ್ಲಿ, ಪ್ರಯೋಗಾಲಯದಲ್ಲಿ, ಕಾರ್ಖಾನೆಯಲ್ಲಿ ಬಳಸುವವರೂ ಒಂದೆಡೆ ಸೇರುವ ಸಮ್ಮೇಳನವೊಂದು ನಡೆಯುತ್ತದೆ. ಅದನ್ನು ಕೇಳುವ ಆಸೆ ನಿಮಗಿದೆ. ಕೆಲವೇ ವರ್ಷಗಳ ಹಿಂದಾಗಿದ್ದರೆ ರಜೆ, ರೈಲು ಇಲ್ಲವೆ ವಿಮಾನದ ಖರ್ಚು, ಪ್ರತಿನಿಧಿ ಶುಲ್ಕ, ವಸತಿ ಇವುಗಳ ಲೆಕ್ಕದಲ್ಲೇ ಆಸೆ ಮುಗಿಯುತ್ತಿತ್ತು. ಇಂದು ಅಂಥ ಸಮ್ಮೇಳನಗಳಲ್ಲಿ ಹಲವು ಅಂತರಜಾಲದಲ್ಲೇ ನಡೆಯುತ್ತವೆ, ಕೆಲವಕ್ಕೆ ಶುಲ್ಕವೂ ಇಲ್ಲ. ಹೆಸರು ನೋಂದಾಯಿಸಿಕೊಂಡರೆ ಸಾಕು, ನಿಮ್ಮ ಊರಿನಲ್ಲೇ ಕುಳಿತು ಕೇಳಬಹುದು, ಪ್ರಶ್ನೆಯನ್ನೂ ಕೇಳಬಹುದು.

ಇದು ಸಣ್ಣ ಬದಲಾವಣೆಯಲ್ಲ. ಆದರೆ ಇಲ್ಲೊಂದು ಪ್ರಶ್ನೆ ಏಳುತ್ತದೆ. ಸಮ್ಮೇಳನವನ್ನು ಕೇಳುವುದರಿಂದ ನಾವು ಸೃಜನಶೀಲರಾಗುತ್ತೇವೆಯೆ? ಇಲ್ಲವೆ ದೂರದಲ್ಲಿ ಕುಳಿತ ಒಳ್ಳೆಯ ಪ್ರೇಕ್ಷಕರಾಗಿ ಮಾತ್ರ ಉಳಿಯುತ್ತೇವೆಯೆ? ಇದಕ್ಕೆ ಉತ್ತರ ಹುಡುಕಲು ವಿಜ್ಞಾನದ ಇತಿಹಾಸವನ್ನು ಸ್ವಲ್ಪ ತಿರುವಿ ಹಾಕೋಣ.

'ವರ್ಚುವಲ್' ಎಂಬ ಪದ ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಹೊಸದೇನಲ್ಲ. ಸಮತಲ ದರ್ಪಣದಲ್ಲಿ ಕಾಣುವುದನ್ನು ಮಿಥ್ಯ ಪ್ರತಿಬಿಂಬ ಎನ್ನುತ್ತೇವೆ. ಅದು ಕಣ್ಣಿಗೆ ಕಾಣುತ್ತದೆ, ಆದರೆ ಪರದೆಯ ಮೇಲೆ ಹಿಡಿಯಲು ಆಗದು. ವರ್ಚುವಲ್ ಸಮ್ಮೇಳನದ ಕಥೆ ಇದಕ್ಕೆ ತದ್ವಿರುದ್ಧ. ಅದು ಪರದೆಯ ಮೇಲೆ ಮಾತ್ರ ಸಿಗುತ್ತದೆ. ಪರದೆಯ ಮೇಲೆ ಸಿಗದೆ ಹೋಗುವುದು ಯಾವುದು ಎಂಬುದೇ ನಮ್ಮ ಈಗಿನ ವಿಚಾರ.

ದಾರಿಯಲ್ಲಿ ಹುಟ್ಟಿದ ವಿಚಾರಗಳು

1843ರ ಅಕ್ಟೋಬರ್ 16. ಐರ್ಲೆಂಡಿನ ಗಣಿತಜ್ಞ ವಿಲಿಯಂ ರೋವನ್ ಹ್ಯಾಮಿಲ್ಟನ್ ಡಬ್ಲಿನ್ ನಗರದಲ್ಲಿ ರಾಯಲ್ ಐರಿಷ್ ಅಕಾಡೆಮಿಯ ಸಭೆಗೆ ಪತ್ನಿಯೊಡನೆ ಕಾಲುವೆಯ ದಂಡೆಯ ಮೇಲೆ ನಡೆದು ಹೋಗುತ್ತಿದ್ದ. ಬಹುಕಾಲದಿಂದ ಕಾಡುತ್ತಿದ್ದ ಸಮಸ್ಯೆಯೊಂದಕ್ಕೆ ಆ ನಡಿಗೆಯಲ್ಲಿ ಥಟ್ಟನೆ ಪರಿಹಾರ ಹೊಳೆಯಿತು. ಕ್ವಾಟರ್ನಿಯನ್ ಎಂಬ ಹೊಸ ಸಂಖ್ಯೆಗಳ ನಿಯಮವನ್ನು ಆತ ಬ್ರೂಮ್ ಸೇತುವೆಯ ಕಲ್ಲಿನ ಮೇಲೆ ಗೀಚಿದ. ಇಂದು ಉಪಗ್ರಹಗಳ ದಿಕ್ಕನ್ನು ನಿಯಂತ್ರಿಸುವ ಲೆಕ್ಕಗಳಲ್ಲಿ ಈ ಸಂಖ್ಯೆಗಳು ಬಳಕೆಯಾಗುತ್ತವೆ. ಗಮನಿಸಿ: ವಿಚಾರ ಹೊಳೆದದ್ದು ಸಭೆಯಲ್ಲಲ್ಲ, ಸಭೆಗೆ ಹೋಗುವ ದಾರಿಯಲ್ಲಿ.

1860ರ ಸೆಪ್ಟೆಂಬರ್ 3ರಿಂದ 5ರವರೆಗೆ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಯೂರೋಪಿನ ನೂರಕ್ಕೂ ಹೆಚ್ಚು ರಸಾಯನವಿಜ್ಞಾನಿಗಳು ಸೇರಿದ್ದರು. ಪರಮಾಣು ಎಂದರೇನು, ಅಣು ಎಂದರೇನು ಎಂಬ ವಿಷಯದಲ್ಲೇ ಆಗ ಒಮ್ಮತವಿರಲಿಲ್ಲ. ನೀರಿನ ಸೂತ್ರವನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಿದ್ದರು. ಮೂರು ದಿನ ಚರ್ಚೆ ನಡೆದರೂ ಸ್ಪಷ್ಟ ತೀರ್ಮಾನವೇನೂ ಆಗಲಿಲ್ಲ. ಕೊನೆಗೆ ಇಟಲಿಯ ಸ್ತಾನಿಸ್ಲಾವೋ ಕನಿಝಾರೋ ಬರೆದ ಕಿರುಹೊತ್ತಗೆಯೊಂದನ್ನು ಆತನ ಮಿತ್ರ ಹಂಚಿದ. ಲೋಥಾರ್ ಮೇಯರ್ ಅದನ್ನು ಜೇಬಿಗೆ ಹಾಕಿಕೊಂಡು ಊರಿಗೆ ಮರಳುವ ದಾರಿಯಲ್ಲಿ ಓದಿದ. ಪರಮಾಣು ತೂಕಗಳ ಗೊಂದಲ ಆತನಿಗೆ ಬಗೆಹರಿಯಿತು. ಅದೇ ಸಮ್ಮೇಳನದಲ್ಲಿ ರಷ್ಯದ ತರುಣ ಮೆಂಡಲೀಫನೂ ಇದ್ದ. ಒಂಬತ್ತು ವರ್ಷಗಳ ಅನಂತರ, 1869ರಲ್ಲಿ, ಆತ ಆವರ್ತಕ ಕೋಷ್ಟಕವನ್ನು ಪ್ರಕಟಿಸಿದ. ಮೇಯರ್ ಕೂಡ ಸ್ವತಂತ್ರವಾಗಿ ಅದೇ ಹಾದಿಯಲ್ಲಿ ಸಾಗಿದ್ದ. ಇಲ್ಲಿ ಫಲ ಕೊಟ್ಟದ್ದು ಸಮ್ಮೇಳನದಿಂದ ಮರಳುವ ದಾರಿ.

ಮೂರನೆಯ ಉದಾಹರಣೆ ನಮ್ಮ ವಿಷಯಕ್ಕೇ ಸೇರಿದ್ದು. 1922ರ ಜೂನ್‌ನಲ್ಲಿ ನೀಲ್ಸ್ ಬೋರ್ ಜರ್ಮನಿಯ ಗಟ್ಟಿಂಗೆನ್ನಿನಲ್ಲಿ ಪರಮಾಣು ರಚನೆಯ ಬಗ್ಗೆ ಉಪನ್ಯಾಸಮಾಲೆ ನೀಡಿದರು. ಇಪ್ಪತ್ತರ ಹರೆಯದ ವಿದ್ಯಾರ್ಥಿಯೊಬ್ಬ ಎದ್ದು ನಿಂತು ಆಕ್ಷೇಪ ಎತ್ತಿದ. ಬೋರ್ ಅಲ್ಲಿ ಏನೋ ಉತ್ತರ ಹೇಳಿದರು, ಆದರೆ ಅದು ಅವರಿಗೇ ಸಮಾಧಾನ ತರಲಿಲ್ಲ. ಉಪನ್ಯಾಸ ಮುಗಿದ ಮೇಲೆ ಆ ಹುಡುಗನನ್ನು ಹತ್ತಿರದ ಗುಡ್ಡದ ಕಡೆ ತಿರುಗಾಡಲು ಕರೆದರು. ಆ ಹುಡುಗನೇ ವೆರ್ನರ್ ಹೈಸೆನ್‌ಬರ್ಗ್. ತನ್ನ ನಿಜವಾದ ವೈಜ್ಞಾನಿಕ ಬೆಳವಣಿಗೆ ಆ ನಡಿಗೆಯಿಂದ ಆರಂಭವಾಯಿತೆಂದು ಆತ ಮುಂದೆ ಬರೆದುಕೊಂಡಿದ್ದಾನೆ. ಮೂರು ವರ್ಷಗಳಲ್ಲಿ, 1925ರಲ್ಲಿ, ಕ್ವಾಂಟಂ ಬಲವಿಜ್ಞಾನದ ಮೊದಲ ಪ್ರಬಂಧ ಆತನಿಂದ ಬಂತು.

ಹೋಗದೆಯೂ ತಲಪಿದವರು

ಹಾಗಾದರೆ ಸಮ್ಮೇಳನಕ್ಕೆ ಹೋಗಲಾಗದವರ ಗತಿ ಏನು? ಅವರಿಗೆ ಅಂಚೆ ಇತ್ತು. 1924ರಲ್ಲಿ ಸತ್ಯೇಂದ್ರನಾಥ ಬೋಸ್ ಢಾಕಾ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದರು. ಯೂರೋಪಿನ ಸಮ್ಮೇಳನಗಳಿಂದ ಅವರು ಬಹು ದೂರ. ಪ್ಲಾಂಕನ ವಿಕಿರಣ ನಿಯಮದ ಅಂದಿನ ನಿಷ್ಪತ್ತಿ ಅವರಿಗೆ ಒಪ್ಪಿಗೆಯಾಗಿರಲಿಲ್ಲ. ಅರ್ಧ ಹಳೆಯ ಭೌತವಿಜ್ಞಾನ, ಅರ್ಧ ಹೊಸದು ಸೇರಿದ ಆ ನಿಷ್ಪತ್ತಿಗೆ ಬದಲಾಗಿ ಬೆಳಕಿನ ಕಣಗಳನ್ನು ಎಣಿಸುವ ಹೊಸ ವಿಧಾನದಿಂದಲೇ ನಿಯಮವನ್ನು ಪಡೆದರು. ಜೂನ್ 4ರಂದು ಪ್ರಬಂಧವನ್ನು ಪತ್ರದೊಡನೆ ಐನ್‌ಸ್ಟೈನರಿಗೆ ಕಳುಹಿಸಿದರು. ಐನ್‌ಸ್ಟೈನ್ ಅದನ್ನು ತಾವೇ ಜರ್ಮನ್ ಭಾಷೆಗೆ ಅನುವಾದಿಸಿ ಪ್ರಕಟಣೆಗೆ ಕೊಟ್ಟರು. ಬೋಸ್-ಐನ್‌ಸ್ಟೈನ್ ಸಂಖ್ಯಾಕಲನ ಹುಟ್ಟಿದ್ದು ಹೀಗೆ. ಒಂದು ಲಕೋಟೆ, ಒಂದಿಷ್ಟು ಅಂಚೆ ಚೀಟಿ: ಅಂದಿನ ಮಟ್ಟಿಗೆ ಅದೇ ಹೆಚ್ಚು ಕಡಿಮೆ ಉಚಿತವಾದ ವರ್ಚುವಲ್ ಸಮ್ಮೇಳನ!

ನಮ್ಮ ರಾಜ್ಯದ ಉದಾಹರಣೆಯೂ ಇದೆ. ಸಿ.ವಿ. ರಾಮನ್ ತಮ್ಮ ಹೆಸರಿನ ಪರಿಣಾಮವನ್ನು ಕಂಡದ್ದು 1928ರ ಫೆಬ್ರವರಿ 28ರಂದು, ಕಲ್ಕತ್ತೆಯಲ್ಲಿ. ಅದನ್ನು ಕುರಿತ ವಿವರವಾದ ಉಪನ್ಯಾಸ ನೀಡಿದ್ದು ಮಾರ್ಚ್ 16ರಂದು, ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ. ಉಪನ್ಯಾಸವನ್ನು ಕೂಡಲೇ ಅಚ್ಚು ಮಾಡಿಸಿ ಪ್ರತಿಗಳನ್ನು ದೇಶ ವಿದೇಶಗಳ ವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳುಹಿಸಿದರು. ಸ್ಥಳೀಯ ಸಭೆ ಮತ್ತು ದೂರದ ಓದುಗರು ಎರಡನ್ನೂ ಜೋಡಿಸಿದ ಈ ಕ್ರಮವನ್ನು ನೆನಪಿಡಿ. ಮುಂದೆ ಇದು ನಮಗೆ ಬೇಕಾಗುತ್ತದೆ.

ಬೋಸ್ ಮತ್ತು ರಾಮನ್ ಇಬ್ಬರ ವಿಷಯದಲ್ಲೂ ಒಂದು ಅಂಶ ಸಮಾನ. ಅಂಚೆ ಸಾಗಿಸಿದ್ದು ಸಿದ್ಧವಾದ ವಿಚಾರವನ್ನು. ಆ ವಿಚಾರ ಬೆಳೆದದ್ದು ಢಾಕಾದ ತರಗತಿಯಲ್ಲಿ, ಕಲ್ಕತ್ತೆಯ ಪ್ರಯೋಗಾಲಯದಲ್ಲಿ.

ಸೃಜನಶೀಲತೆಯೇ ಸಂಶೋಧನೆಯ ವಿಷಯವಾದಾಗ

ಹೊಸ ವಿಚಾರ ಹೇಗೆ ಹೊಳೆಯುತ್ತದೆ ಎಂಬುದರ ಬಗ್ಗೆ ಮೊದಲು ಮಾತನಾಡಿದವರು ವಿಜ್ಞಾನಿಗಳೇ. ಜರ್ಮನಿಯ ಭೌತವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1891ರಲ್ಲಿ ತನ್ನ ಎಪ್ಪತ್ತನೆಯ ಹುಟ್ಟುಹಬ್ಬದ ಭಾಷಣದಲ್ಲಿ, ಒಳ್ಳೆಯ ವಿಚಾರಗಳು ತನಗೆ ಮೇಜಿನ ಮುಂದೆ ಬಂದದ್ದಿಲ್ಲ, ಬಿಸಿಲಿರುವ ದಿನ ಕಾಡುಗುಡ್ಡಗಳನ್ನು ನಿಧಾನವಾಗಿ ಹತ್ತುವಾಗ ಬರುತ್ತಿದ್ದವು ಎಂದಿದ್ದ. ಫ್ರಾನ್ಸಿನ ಗಣಿತಜ್ಞ ಪ್ವಾಂಕಾರೆ 1908ರಲ್ಲಿ, ಕುದುರೆ ಬಂಡಿಯ ಮೆಟ್ಟಿಲ ಮೇಲೆ ಕಾಲಿಟ್ಟ ಕ್ಷಣದಲ್ಲಿ ತನಗೆ ಪರಿಹಾರ ಹೊಳೆದ ಪ್ರಸಂಗವನ್ನು ವಿವರಿಸಿದ.

ಇಂಥ ಹೇಳಿಕೆಗಳನ್ನು ಆಧರಿಸಿ ಇಂಗ್ಲೆಂಡಿನ ಗ್ರಹಾಂ ವಾಲಸ್ 1926ರಲ್ಲಿ ನಾಲ್ಕು ಹಂತಗಳನ್ನು ಗುರುತಿಸಿದ. ಮೊದಲನೆಯದು ಸಿದ್ಧತೆ, ಅಂದರೆ ಸಮಸ್ಯೆಯೊಡನೆ ಬೆವರು ಸುರಿಸುವುದು. ಎರಡನೆಯದು ಕಾವು. ಕೋಳಿ ಮೊಟ್ಟೆಯ ಮೇಲೆ ಕುಳಿತಂತೆ ಸಮಸ್ಯೆ ಮನಸ್ಸಿನ ತಳದಲ್ಲಿ ಇರುತ್ತದೆ, ನಾವು ಬೇರೆ ಕೆಲಸದಲ್ಲಿರುತ್ತೇವೆ. ಮೂರನೆಯದು ಹೊಳಹು. ನಾಲ್ಕನೆಯದು ಪರೀಕ್ಷೆ, ಅಂದರೆ ಹೊಳೆದದ್ದು ಸರಿಯೆ ಎಂದು ತಾಳೆ ನೋಡುವುದು. ಎಲ್ಲರಲ್ಲೂ ಇವು ಇದೇ ಅನುಕ್ರಮದಲ್ಲಿ ನಡೆಯಬೇಕೆಂದಿಲ್ಲ. ಆದರೂ ಅಧ್ಯಾಪಕರಿಗೆ ಇದು ಉಪಯುಕ್ತವಾದ ನಕ್ಷೆ. ಹ್ಯಾಮಿಲ್ಟನ್ ಕಾಲುವೆ ದಂಡೆಯಲ್ಲಿ ಸುಮ್ಮನೆ ನಡೆದವನಲ್ಲ, ವರ್ಷಗಟ್ಟಲೆ ಸಿದ್ಧತೆ ಮಾಡಿ ನಡೆದವನು.

1950ರಲ್ಲಿ ಅಮೆರಿಕದ ಮನೋವಿಜ್ಞಾನ ಸಂಘದ ಅಧ್ಯಕ್ಷ ಜೆ.ಪಿ. ಗಿಲ್‌ಫರ್ಡ್ ತನ್ನ ಭಾಷಣದಲ್ಲಿ ಒಂದು ಲೆಕ್ಕ ಮುಂದಿಟ್ಟ. ಹಿಂದಿನ 23 ವರ್ಷಗಳಲ್ಲಿ ಮನೋವಿಜ್ಞಾನದಲ್ಲಿ ಪ್ರಕಟವಾದ ಸುಮಾರು 1,21,000 ಬರಹಗಳಲ್ಲಿ ಸೃಜನಶೀಲತೆಗೆ ಸಂಬಂಧಿಸಿದವು 186 ಮಾತ್ರ. ಸಾವಿರಕ್ಕೆ ಎರಡೂ ಇಲ್ಲ! ಪರೀಕ್ಷೆಗಳಲ್ಲಿ ನಾವು ಅಳೆಯುವುದು ಒಂದೇ ಸರಿ ಉತ್ತರದ ಕಡೆಗೆ ಸಾಗುವ ಅಭಿಸರಣ ಚಿಂತನೆಯನ್ನು. ಒಂದು ಪ್ರಶ್ನೆಗೆ ಹಲವು ಉತ್ತರಗಳ ಕಡೆಗೆ ಹರಡುವ ಅಪಸರಣ ಚಿಂತನೆಯನ್ನು ಅಳೆಯುತ್ತಲೇ ಇಲ್ಲ ಎಂಬುದು ಗಿಲ್‌ಫರ್ಡನ ವಾದ. ಮಸೂರಗಳ ಪಾಠ ಮಾಡಿದವರಿಗೆ ಈ ಎರಡು ಪದಗಳನ್ನು ವಿವರಿಸಬೇಕಾಗಿಲ್ಲ. ಭಾರತದಲ್ಲಿಯೂ 1973ರ ವೇಳೆಗೆ ಬಾಕರ್ ಮೆಹದಿ ಅವರು ನಮ್ಮ ಶಾಲಾ ಮಕ್ಕಳಿಗೆ ಹೊಂದುವ ಸೃಜನಶೀಲತಾ ಪರೀಕ್ಷೆಗಳನ್ನು ರೂಪಿಸಿದರು. ನಿಮ್ಮಲ್ಲಿ ಬಿ.ಇಡಿ. ಓದಿದವರಿಗೆ ಈ ಹೆಸರು ಪರಿಚಯವಿದ್ದೀತು.

ಅನಂತರ ಸೃಜನಶೀಲತೆಯನ್ನು ಕುರಿತೇ ಸಮ್ಮೇಳನಗಳು ಆರಂಭವಾದವು. ಕ್ಯಾಲ್ವಿನ್ ಟೇಲರ್ ನೇತೃತ್ವದಲ್ಲಿ ಯೂಟಾ ವಿಶ್ವವಿದ್ಯಾಲಯ 1955, 1957 ಮತ್ತು 1959ರಲ್ಲಿ ಸೃಜನಶೀಲ ವೈಜ್ಞಾನಿಕ ಪ್ರತಿಭೆಯನ್ನು ಗುರುತಿಸುವ ಬಗ್ಗೆ ಸಮ್ಮೇಳನಗಳನ್ನು ನಡೆಸಿತು. ಇದು ಸಂಶೋಧನೆಯ ಧಾರೆ. ಅದೇ 1955ರಲ್ಲಿ ಬಫಲೋ ನಗರದಲ್ಲಿ ಅಲೆಕ್ಸ್ ಆಸ್‌ಬೋರ್ನ್ ಇನ್ನೊಂದು ವಾರ್ಷಿಕ ಸಮಾವೇಶ ಪ್ರಾರಂಭಿಸಿದ. ಇದು ಪ್ರಯೋಗದ, ಬಳಕೆಯ ಧಾರೆ. ಜಾಹೀರಾತು ಉದ್ಯಮದಿಂದ ಬಂದ ಆಸ್‌ಬೋರ್ನ್ 'ಬ್ರೈನ್‌ಸ್ಟಾರ್ಮಿಂಗ್' ಎಂಬ ವಿಧಾನಕ್ಕೆ ಹೆಸರಾದವನು. ಗುಂಪಾಗಿ ಕುಳಿತು, ಯಾರನ್ನೂ ಟೀಕಿಸದೆ, ಬಂದ ವಿಚಾರಗಳನ್ನೆಲ್ಲ ಪಟ್ಟಿ ಮಾಡುವುದು ಅದರ ಕ್ರಮ.

ಗುಂಪಿನಲ್ಲಿ ನಿಜಕ್ಕೂ ಹೆಚ್ಚು ವಿಚಾರಗಳು ಬರುತ್ತವೆಯೆ? 1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿಯೇ ಬಿಟ್ಟರು. ನಾಲ್ಕು ಜನ ಒಟ್ಟಿಗೆ ಕುಳಿತು ಯೋಚಿಸಿದಾಗ ಬಂದ ವಿಚಾರಗಳನ್ನು, ನಾಲ್ಕು ಜನ ಬೇರೆ ಬೇರೆ ಕುಳಿತು ಯೋಚಿಸಿ ಆಮೇಲೆ ಒಟ್ಟುಗೂಡಿಸಿದ ವಿಚಾರಗಳೊಡನೆ ಹೋಲಿಸಿದರು. ಎರಡನೆಯದೇ ಹೆಚ್ಚು. ಒಬ್ಬರು ಮಾತನಾಡುವಾಗ ಉಳಿದವರು ಕಾಯಬೇಕು, ಕಾಯುವಾಗ ತಮ್ಮ ವಿಚಾರ ಮರೆತುಹೋಗುತ್ತದೆ. ಎಲ್ಲರೂ ಮೊದಲ ಮಾತಿನ ಜಾಡನ್ನೇ ಹಿಡಿಯುವುದೂ ಉಂಟು. ಆದ್ದರಿಂದ ಮೊದಲು ಒಬ್ಬೊಬ್ಬರೇ ಬರೆಯುವುದು, ಆಮೇಲೆ ಮಾತಿಗೆ ಕೂಡುವುದು ಒಳ್ಳೆಯದು. ಈ ಪಾಠ ಇಂದಿಗೂ ಹಳತಾಗಿಲ್ಲ.

ಕನ್ನಡ ನಾಡಿನ ಮೊದಲ ದೊಡ್ಡ ಪ್ರಯೋಗ

ದೂರದಲ್ಲಿದ್ದವರನ್ನು ಪರದೆಯ ಮೂಲಕ ತಲಪುವ ಪ್ರಯತ್ನ ಅಂತರಜಾಲದಿಂದ ಆರಂಭವಾದದ್ದೆಂದು ಭಾವಿಸಬೇಡಿ. ಕರ್ನಾಟಕದ ಹಳ್ಳಿಗಳು ಅದನ್ನು ಅರ್ಧ ಶತಮಾನದ ಹಿಂದೆಯೇ ಕಂಡಿವೆ.

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ 'ಸೈಟ್' ಎಂಬ ಉಪಗ್ರಹ ದೂರದರ್ಶನ ಪ್ರಯೋಗ ನಡೆಯಿತು. ಅಮೆರಿಕದಿಂದ ಒಂದು ವರ್ಷಕ್ಕೆ ಎರವಲು ಪಡೆದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ನೇರವಾಗಿ ತಲಪಿದವು. ನಮ್ಮ ರಾಜ್ಯದಲ್ಲಿ ಆಗಿನ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಆಯ್ಕೆಯಾಗಿದ್ದವು. ತಂತಿ ಬಲೆಯಿಂದ ಮಾಡಿದ 3 ಮೀಟರ್ ವ್ಯಾಸದ ಆಂಟೆನಾ 860 ಮೆಗಾಹರ್ಟ್ಸ್ ಆವರ್ತಾಂಕದ ಸಂಕೇತವನ್ನು ಹಿಡಿಯುತ್ತಿತ್ತು. ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ಊರಿನವರಿಗೆ ಕಾರ್ಯಕ್ರಮ. ಕರೆಂಟೇ ಇಲ್ಲದ ಕೆಲವು ಹಳ್ಳಿಗಳಲ್ಲಿ ಟಿ.ವಿ. ಬ್ಯಾಟರಿಯಿಂದ ನಡೆಯುತ್ತಿತ್ತು.

ಈ ಪ್ರಯೋಗದಲ್ಲಿ ನಮಗೆ ಮುಖ್ಯವಾದದ್ದು ಪ್ರಾಥಮಿಕ ಶಾಲಾ ಅಧ್ಯಾಪಕರ ವಿಜ್ಞಾನ ತರಬೇತಿ. ಎರಡು ಸುತ್ತಿನಲ್ಲಿ, ಆರು ರಾಜ್ಯಗಳಲ್ಲಿ ಸೇರಿ ಸುಮಾರು 50,000 ಅಧ್ಯಾಪಕರು ಇದರಲ್ಲಿ ಭಾಗವಹಿಸಿದರು. ಅಷ್ಟು ಜನರನ್ನು ಒಂದೆಡೆ ಸೇರಿಸುವುದು ಯಾವ ಸಭಾಂಗಣಕ್ಕೂ ಸಾಧ್ಯವಿರಲಿಲ್ಲ. ಆದರೆ ಅವರನ್ನು ಟಿ.ವಿ.ಯ ಮುಂದೆ ಕೂಡಿಸಿ ಸುಮ್ಮನಾಗಲಿಲ್ಲ. ಟಿ.ವಿ. ಪಾಠದ ಜೊತೆಗೆ ರೇಡಿಯೊ ಪಾಠ, ಮುದ್ರಿತ ಚಟುವಟಿಕೆ ಪುಸ್ತಕ, ಕೈಯಾರೆ ಮಾಡುವ ಪ್ರಯೋಗ ಮತ್ತು ಪ್ರತಿ ಕೇಂದ್ರದಲ್ಲೂ ಚರ್ಚೆ ನಡೆಸುವ ಒಬ್ಬ ಮಾರ್ಗದರ್ಶಿ ಅಧ್ಯಾಪಕ, ಇವೆಲ್ಲ ಸೇರಿದ್ದವು. ಪರದೆಯ ಮೇಲಿನದು ಪ್ರಾರಂಭ ಮಾತ್ರ, ಕಲಿಕೆ ನಡೆಯುವುದು ಪರದೆಯ ಈಚೆಗೆ ಎಂಬ ತಿಳಿವಳಿಕೆ ಆ ಯೋಜನೆಯಲ್ಲಿತ್ತು.

ಸೈಟ್ ಬಹುಮಟ್ಟಿಗೆ ಏಕಮುಖ. ಹಳ್ಳಿಯವರು ಪ್ರಶ್ನೆ ಕೇಳುವಂತಿರಲಿಲ್ಲ. ಆ ಕೊರತೆಯನ್ನು ನೀಗಲು ಬಂದದ್ದು ಎಜುಸ್ಯಾಟ್. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟದಿಂದ ಉಡಾಯಿಸಲಾದ ಈ ಉಪಗ್ರಹ ಶಿಕ್ಷಣಕ್ಕಾಗಿಯೇ ಮೀಸಲಾಗಿತ್ತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳೂ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳೂ ಈ ಯೋಜನೆಯಲ್ಲಿ ಸೇರಿದ್ದವು. ಕಾಲೇಜುಗಳ ಜಾಲದಲ್ಲಿ ವಿದ್ಯಾರ್ಥಿ ಪ್ರಶ್ನೆ ಕೇಳಬಹುದಿತ್ತು, ಅಧ್ಯಾಪಕರು ಉತ್ತರಿಸಬಹುದಿತ್ತು. 2010ರಲ್ಲಿ ಆ ಉಪಗ್ರಹದ ಸೇವೆ ಮುಗಿಯಿತು.

ಇಲ್ಲೊಂದು ಸಣ್ಣ ಲೆಕ್ಕ ಮಾಡಿ ನೋಡಿ. ಭೂಸ್ಥಿರ ಉಪಗ್ರಹ ಸುಮಾರು 36,000 ಕಿ.ಮೀ. ಎತ್ತರದಲ್ಲಿರುತ್ತದೆ. ಸಂಕೇತ ಮೇಲೇರಿ ಕೆಳಗಿಳಿಯಲು 72,000 ಕಿ.ಮೀ. ಸಾಗಬೇಕು. ಬೆಳಕಿನ ವೇಗ ಸೆಕೆಂಡಿಗೆ 3 ಲಕ್ಷ ಕಿ.ಮೀ. ಆದ್ದರಿಂದ ಬೇಕಾಗುವ ಕಾಲ 0.24 ಸೆಕೆಂಡು. ಪ್ರಶ್ನೆ ಹೋಗಿ ಉತ್ತರ ಬರುವಷ್ಟರಲ್ಲಿ ಅರ್ಧ ಸೆಕೆಂಡು ಕಳೆಯುತ್ತದೆ. ಎದುರು ಬದುರು ಮಾತನಾಡುವಾಗ ಒಬ್ಬರ ಮಾತು ಮುಗಿದು ಇನ್ನೊಬ್ಬರ ಮಾತು ಆರಂಭವಾಗಲು ಸರಾಸರಿ 0.2 ಸೆಕೆಂಡು ಸಾಕು ಎಂದು ಹಲವು ಭಾಷೆಗಳ ಅಧ್ಯಯನದಿಂದ ತಿಳಿದಿದೆ. ಇಂದಿನ ದ್ಯುತಿತಂತುಗಳಲ್ಲಿ ದಾರಿ ಹತ್ತಿರವಾದರೂ ಚಿತ್ರವನ್ನು ಅಡಕಗೊಳಿಸಿ ಬಿಡಿಸುವ ಕೆಲಸಕ್ಕೆ ಸಮಯ ಹಿಡಿಯುತ್ತದೆ. ಪರದೆಯ ಮಾತುಕತೆಯಲ್ಲಿ ಇಬ್ಬರೂ ಒಮ್ಮೆಗೇ ಮಾತನಾಡಿ ಇಬ್ಬರೂ ಒಮ್ಮೆಗೇ ನಿಲ್ಲಿಸುವ ಅನುಭವ ನಿಮಗೂ ಆಗಿರಬಹುದು. ಅದಕ್ಕೆ ಈ ವಿಳಂಬವೂ ಒಂದು ಕಾರಣ.

2020ರ ಅನಂತರ

ಅಂತರಜಾಲದ ಉಚಿತ ಸಮ್ಮೇಳನ ಕೋವಿಡ್‌ನಿಂದ ಹುಟ್ಟಿತು ಎಂಬ ಮಾತು ಪೂರ್ತಿ ಸರಿಯಲ್ಲ. 1991ರ ಆಗಸ್ಟ್‌ನಲ್ಲಿ ಪಾಲ್ ಗಿನ್ಸ್‌ಪಾರ್ಗ್ ಆರಂಭಿಸಿದ ಪ್ರಬಂಧ ಭಂಡಾರ, ಮುಂದೆ 'ಆರ್ಕೈವ್' ಎಂಬ ಹೆಸರು ಪಡೆದದ್ದು, ಭೌತವಿಜ್ಞಾನದ ಹೊಸ ಪ್ರಬಂಧಗಳನ್ನು ಎಲ್ಲರಿಗೂ ಉಚಿತವಾಗಿಸಿತು. ನಮ್ಮ ಐಐಟಿಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ 2003ರಲ್ಲಿ ಪ್ರಾರಂಭಿಸಿದ ಎನ್‌ಪಿಟಿಇಎಲ್ ಉಪನ್ಯಾಸಗಳನ್ನು ಉಚಿತವಾಗಿಸಿತು. ಬೆಂಗಳೂರಿನ ಅಂತಾರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನ ಕೇಂದ್ರ ತನ್ನ ಉಪನ್ಯಾಸಗಳನ್ನು ಯಾರು ಬೇಕಾದರೂ ನೋಡುವಂತೆ ಅಂತರಜಾಲಕ್ಕೆ ಹಾಕುತ್ತದೆ.

2020ರ ಜನವರಿ 13ರಂದು, ಲಾಕ್‌ಡೌನ್‌ಗಳಿಗಿಂತ ಮೊದಲೇ, ಕೆಲವು ತರುಣ ವಿಜ್ಞಾನಿಗಳು ಫೋಟಾನಿಕ್ಸ್ ವಿಷಯದಲ್ಲಿ ಉಚಿತ ಆನ್‌ಲೈನ್ ಸಮ್ಮೇಳನ ನಡೆಸಿದರು. ಸಾವಿರಕ್ಕೂ ಹೆಚ್ಚು ಜನ ಸೇರಿದರು. ಅವರು ಮಾಡಿದ ಒಂದು ವ್ಯವಸ್ಥೆ ಗಮನಾರ್ಹ: ಒಬ್ಬೊಬ್ಬರೇ ಮನೆಯಲ್ಲಿ ಕೂರುವ ಬದಲು ಆಯಾ ಊರಿನವರು ಒಂದು ಕೋಣೆಯಲ್ಲಿ ಒಂದೇ ಪರದೆಯ ಮುಂದೆ ಸೇರಿ ನೋಡುವಂತೆ ಉತ್ತೇಜಿಸಿದರು. ಮುಂದಿನ ಮಾರ್ಚ್ ತಿಂಗಳಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಭೌತವಿಜ್ಞಾನಿಗಳು ಸೇರಬೇಕಿದ್ದ ಸಮ್ಮೇಳನ ಕೊನೆಯ ಗಳಿಗೆಯಲ್ಲಿ ರದ್ದಾಯಿತು. ಆಮೇಲೆ ಎಲ್ಲ ಸಭೆಗಳೂ ಪರದೆಗೆ ಬಂದವು, ಆದರೆ ಕೋಣೆಗಳು ಖಾಲಿಯಾದವು. ಪ್ರತಿಯೊಬ್ಬರೂ ಒಂಟಿಯಾಗಿ ಒಂದೊಂದು ಚೌಕದಲ್ಲಿ ಕುಳಿತರು.

ಇದರ ಪರಿಣಾಮವನ್ನು ಅಳೆದವರೂ ಇದ್ದಾರೆ. ಮೆಲನಿ ಬ್ರಕ್ಸ್ ಮತ್ತು ಜೊನಾಥನ್ ಲೆವಾವ್ 2022ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಸರಳವಾಗಿದೆ. 602 ಜನರನ್ನು ಜೋಡಿಗಳಾಗಿ ಮಾಡಿದರು. ಅರ್ಧ ಜೋಡಿಗಳು ಒಂದೇ ಕೋಣೆಯಲ್ಲಿ, ಇನ್ನರ್ಧ ಬೇರೆ ಬೇರೆ ಕೋಣೆಗಳಲ್ಲಿ ಪರದೆಯ ಮೂಲಕ. ಒಂದು ಸಾಮಾನ್ಯ ವಸ್ತುವಿಗೆ ಹೊಸ ಉಪಯೋಗಗಳನ್ನು ಯೋಚಿಸಬೇಕು, ಬಳಿಕ ಅವುಗಳಲ್ಲಿ ಉತ್ತಮವಾದದ್ದನ್ನು ಆರಿಸಬೇಕು. ಎದುರು ಬದುರು ಕುಳಿತವರು ಹೆಚ್ಚು ವಿಚಾರಗಳನ್ನು ಕೊಟ್ಟರು. ಆದರೆ ಆರಿಸುವ ಕೆಲಸದಲ್ಲಿ ಪರದೆಯ ಜೋಡಿಗಳು ಹಿಂದೆ ಬೀಳಲಿಲ್ಲ. ಐದು ದೇಶಗಳ ಸುಮಾರು 1,500 ಎಂಜಿನಿಯರುಗಳ ಮೇಲೆ ನಡೆಸಿದ ಪ್ರಯೋಗದಲ್ಲೂ ವಿಚಾರಗಳ ಸಂಖ್ಯೆಯಲ್ಲಿ ಇದೇ ಬಗೆಯ ವ್ಯತ್ಯಾಸ ಕಂಡಿತು.

ಕಾರಣವೇನು? ಸಂಶೋಧಕರು ಕಣ್ಣಿನ ಚಲನೆಯನ್ನೂ ಗಮನಿಸಿದ್ದರು. ಪರದೆಯವರು ಜೊತೆಗಾರನ ಮುಖವನ್ನೇ ದಿಟ್ಟಿಸುತ್ತಿದ್ದರು, ಕೋಣೆಯಲ್ಲಿ ಸುತ್ತ ಮುತ್ತ ನೋಡುವುದು ಕಡಿಮೆಯಾಗಿತ್ತು. ದೃಷ್ಟಿಯ ಕ್ಷೇತ್ರ ಕಿರಿದಾದರೆ ಆಲೋಚನೆಯ ಕ್ಷೇತ್ರವೂ ಕಿರಿದಾಗುತ್ತದೆ ಎಂಬುದು ಅವರ ವಿವರಣೆ. ಹೆಲ್ಮ್‌ಹೋಲ್ಟ್ಸನ ಗುಡ್ಡ, ಹ್ಯಾಮಿಲ್ಟನ್ನನ ಕಾಲುವೆ ದಂಡೆ ನೆನಪಾಗುತ್ತವೆಯಲ್ಲವೆ? ಅಲ್ಲಿ ಕಣ್ಣು ಅಲೆಯುತ್ತಿತ್ತು, ಮನಸ್ಸೂ ಅಲೆಯುತ್ತಿತ್ತು. 2023ರಲ್ಲಿ ಅದೇ ಪತ್ರಿಕೆಯಲ್ಲಿ ಬಂದ ಇನ್ನೊಂದು ಅಧ್ಯಯನ ಅರ್ಧ ಶತಮಾನದ ಸುಮಾರು 2 ಕೋಟಿ ಸಂಶೋಧನಾ ಪ್ರಬಂಧಗಳನ್ನೂ 40 ಲಕ್ಷ ಪೇಟೆಂಟ್ ಅರ್ಜಿಗಳನ್ನೂ ಪರಿಶೀಲಿಸಿ, ದೂರದಿಂದ ಕೂಡಿ ಕೆಲಸ ಮಾಡುವ ತಂಡಗಳಿಂದ ತೀರಾ ಹೊಸ ದಾರಿ ತೆರೆಯುವ ಕೆಲಸ ಬರುವ ಸಂಭವ ಕಡಿಮೆ ಎಂದಿತು.

ಹಾಗೆಂದು ವರ್ಚುವಲ್ ಸಮ್ಮೇಳನ ನಿಷ್ಪ್ರಯೋಜಕ ಎಂದು ತೀರ್ಮಾನಿಸುವುದು ತಪ್ಪು. ಅಜ್ಜಂಪುರದ ವಿದ್ಯಾರ್ಥಿಯ ಮುಂದಿರುವ ಆಯ್ಕೆ ಡೆನ್ವರ್ ಮತ್ತು ಪರದೆಯ ನಡುವಿನದಲ್ಲ, ಪರದೆ ಮತ್ತು ಏನೂ ಇಲ್ಲದಿರುವುದರ ನಡುವಿನದು. ಆದ್ದರಿಂದ ಕೇಳಬೇಕಾದ ಪ್ರಶ್ನೆ ಇದು: ಪರದೆ ಕೊಡದ ಭಾಗವನ್ನು ನಾವು ಎಲ್ಲಿಂದ ತುಂಬಿಕೊಳ್ಳಬೇಕು?

ಮೂರು ಊರುಗಳಿಗೊಂದು ಕ್ರಮ

ಉತ್ತರಕ್ಕಾಗಿ ತರೀಕೆರೆಯ ಹತ್ತಿರದ ಅಮೃತಪುರಕ್ಕೊಮ್ಮೆ ಹೋಗಿ ಬನ್ನಿ. 1196ರಲ್ಲಿ, ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, ಅಮೃತೇಶ್ವರ ದಂಡನಾಯಕ ಕಟ್ಟಿಸಿದ ದೇವಾಲಯ ಅಲ್ಲಿದೆ. ಅಲ್ಲಿನ ಶಾಸನ ಕವಿ ಜನ್ನನ ರಚನೆ. ಅಲ್ಲಿ ಕೆಲಸ ಮಾಡಿದ ರೂವಾರಿ ಮಲ್ಲಿತಮ್ಮನ ಸಹಿ ಸೋಮನಾಥಪುರದಂಥ ಬೇರೆ ಹೊಯ್ಸಳ ದೇಗುಲಗಳಲ್ಲೂ ಸಿಗುತ್ತದೆ. ಹೊಯ್ಸಳ ಶಿಲ್ಪಿಗಳು ಕೆಲಸವಿದ್ದ ಊರಿಗೆ ಹೋಗಿ ಇತರ ಶಿಲ್ಪಿಗಳ ನಡುವೆ ಕೆತ್ತುತ್ತಿದ್ದರು. ಒಬ್ಬೊಬ್ಬರ ಕೆಲಸವೂ ಬೇರೆ, ಹೆಸರೂ ಬೇರೆ, ಕೆಲಸದ ಅಂಗಳ ಮಾತ್ರ ಒಂದೇ. ಸೃಜನಶೀಲತೆಯ ಪ್ರಯೋಗ ಈ ಸೀಮೆಗೆ ಹೊರಗಿನಿಂದ ಬರಬೇಕಾದದ್ದೇನಲ್ಲ.

ಇತಿಹಾಸವೂ ಪ್ರಯೋಗಗಳೂ ಹೇಳಿದ್ದನ್ನು ಸೇರಿಸಿದರೆ ಒಂದು ಕ್ರಮ ಸಿದ್ಧವಾಗುತ್ತದೆ. ಮುಂದಿನ ಸಲ ಸೃಜನಶೀಲತೆಯ ಬಗ್ಗೆ ಉಚಿತ ಆನ್‌ಲೈನ್ ಸಮ್ಮೇಳನ ನಡೆದಾಗ ಪ್ರಯತ್ನಿಸಿ ನೋಡಿ.

ಮೊದಲು ಸಿದ್ಧತೆ. ಒಂದು ವಾರ ಮುಂಚೆಯೇ ಪ್ರತಿ ಊರಿನ ಗುಂಪು ತನ್ನದೇ ಒಂದು ಸಮಸ್ಯೆ ಆರಿಸಿಕೊಳ್ಳಲಿ. ಅಜ್ಜಂಪುರದವರಿಗೆ ಈರುಳ್ಳಿ ಇದೆ: ರಾಶಿ ಹಾಕಿದ ಈರುಳ್ಳಿ ಕೊಳೆಯದಂತೆ ಗಾಳಿಯ ಹರಿವು, ತೇವಾಂಶ, ಉಷ್ಣತೆಗಳನ್ನು ಅಗ್ಗದಲ್ಲಿ ಹೇಗೆ ನಿಯಂತ್ರಿಸಬಹುದು? ಮಳೆ ಕಡಿಮೆಯಿರುವ ಕಡೂರಿನವರಿಗೆ ಕೆರೆಯಿದೆ: ಬೇಸಿಗೆಯಲ್ಲಿ ಎಷ್ಟು ನೀರು ಆವಿಯಾಗುತ್ತದೆ, ಎಷ್ಟು ಇಂಗುತ್ತದೆ, ಅಳೆಯುವುದು ಹೇಗೆ? ತರೀಕೆರೆಯವರಿಗೆ ಅಡಿಕೆ ಸಿಪ್ಪೆಯಿದೆ: ಅದರಿಂದ ಏನೇನು ಮಾಡಬಹುದು? 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ ಮಾರ್ಗದರ್ಶಕರಾದ ಅಧ್ಯಾಪಕರಿಗೆ ಇಂಥ ಪ್ರಶ್ನೆಗಳನ್ನು ಹುಡುಕುವ ಅಭ್ಯಾಸ ಈಗಾಗಲೇ ಇದೆ.

ಎರಡನೆಯದಾಗಿ, ಸಮ್ಮೇಳನವನ್ನು ಒಂಟಿಯಾಗಿ ಮೊಬೈಲಿನಲ್ಲಿ ನೋಡಬೇಡಿ. ಶಾಲೆಯ ಇಲ್ಲವೆ ಕಾಲೇಜಿನ ಒಂದು ಕೋಣೆಯಲ್ಲಿ ಒಂದೇ ಪರದೆಯ ಮುಂದೆ ಕೂಡಿ. ಒಂದು ಉಪನ್ಯಾಸ ಮುಗಿದೊಡನೆ ಇನ್ನೊಂದಕ್ಕೆ ಹಾರದೆ ಪರದೆಯನ್ನು ಆರಿಸಿ. ಹತ್ತು ನಿಮಿಷ ಪ್ರತಿಯೊಬ್ಬರೂ ಮೌನವಾಗಿ ತಮ್ಮ ವಿಚಾರಗಳನ್ನು ಬರೆಯಲಿ. ಯೇಲ್ ಪ್ರಯೋಗದ ಪಾಠ ಇದು. ಬರೆಯುವುದು ಕನ್ನಡದಲ್ಲಿರಲಿ. ಸಮ್ಮೇಳನದ ಭಾಷೆ ಇಂಗ್ಲಿಷ್ ಆದ ಮಾತ್ರಕ್ಕೆ ಹೊಳಹಿನ ಭಾಷೆಯೂ ಇಂಗ್ಲಿಷ್ ಆಗಬೇಕಿಲ್ಲ. ಐನ್‌ಸ್ಟೈನರಿಗೆ ಇಂಗ್ಲಿಷಿನಲ್ಲಿ ಬರೆದ ಬೋಸರೇ 1948ರಲ್ಲಿ ಬಂಗಾಳಿಯಲ್ಲಿ ವಿಜ್ಞಾನ ಹರಡಲು ಪರಿಷತ್ತೊಂದನ್ನು ಕಟ್ಟಿದರು. ನಮ್ಮಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರಷ್ಟು ಹಿಂದೆಯೇ 'ವಿಜ್ಞಾನ' ಮಾಸಪತ್ರಿಕೆಯನ್ನು ಹೊರತಂದಿದ್ದರು.

ಮೂರನೆಯದು ನಡಿಗೆ. ಬರೆದಾದ ಮೇಲೆ ಇಬ್ಬಿಬ್ಬರಾಗಿ ಕೆರೆ ಏರಿಯ ಮೇಲೋ ತೋಟದ ದಾರಿಯಲ್ಲೋ ಅರ್ಧ ಗಂಟೆ ನಡೆಯಿರಿ. ಅಧ್ಯಾಪಕರೇ, ತರಗತಿಯಲ್ಲಿ ನಿಮಗೆ ಇಕ್ಕಟ್ಟಿನ ಪ್ರಶ್ನೆ ಕೇಳಿದ ಹುಡುಗಿಯನ್ನೋ ಹುಡುಗನನ್ನೋ ಅವರ ಗೆಳೆಯರೊಡನೆ ಈ ನಡಿಗೆಗೆ ಕರೆಯಿರಿ. ಬೋರ್ ಮಾಡಿದ್ದು ಇಷ್ಟೇ. ಅದಕ್ಕೆ ಅನುದಾನ ಬೇಕಾಗಲಿಲ್ಲ.

ನಾಲ್ಕನೆಯದಾಗಿ, ಒಂದು ವಾರ ಕಾವು ಕೊಡಿ. ಆಮೇಲೆ ಮೂರು ಊರಿನ ಗುಂಪುಗಳೂ ಆನ್‌ಲೈನಿನಲ್ಲಿ ಕೂಡಿ ಪರಸ್ಪರರ ಪಟ್ಟಿಗಳಿಂದ ಉತ್ತಮವಾದ ಒಂದೆರಡನ್ನು ಆರಿಸಿ. ಆರಿಸುವ ಕೆಲಸಕ್ಕೆ ಪರದೆಯಿಂದ ತೊಂದರೆಯಿಲ್ಲ ಎಂದು ಪ್ರಯೋಗವೇ ತೋರಿಸಿದೆ. ಹೊರಗಿನವರ ಕಣ್ಣಿಗೆ ನಮ್ಮ ಪಟ್ಟಿಯ ದೋಷ ಬೇಗ ಕಾಣುತ್ತದೆ ಎಂಬ ಲಾಭವೂ ಉಂಟು.

ಕೊನೆಯದು ಪರೀಕ್ಷೆ. ಆರಿಸಿದ ವಿಚಾರವನ್ನು ಮಾಡಿ ನೋಡಿ, ಅಳೆದು ನೋಡಿ. ಎರಡು ಗೋಣಿಚೀಲ ಈರುಳ್ಳಿ, ಒಂದು ಉಷ್ಣತಾಮಾಪಕ, ಒಂದು ತಕ್ಕಡಿ ಇದ್ದರೆ ಅಜ್ಜಂಪುರದ ಪ್ರಯೋಗ ಆರಂಭವಾಗುತ್ತದೆ. ವಾರಕ್ಕೊಮ್ಮೆ ತೂಗಿ, ಕಾಲಕ್ಕೆ ಎದುರಾಗಿ ತೂಕದ ನಕ್ಷೆ ಎಳೆಯಿರಿ. ಫಲಿತಾಂಶ ಬಂದರೆ ಅದನ್ನು ಮುಂದಿನ ವರ್ಷದ ಸಮ್ಮೇಳನಕ್ಕೆ ಕಳುಹಿಸಿ. ರಾಮನ್ ಬೆಂಗಳೂರಿನಲ್ಲಿ ಮಾಡಿದ್ದು ನೆನಪಿದೆಯಲ್ಲ? ಮೊದಲು ಹತ್ತಿರದವರ ಮುಂದೆ ಹೇಳಿ, ಆಮೇಲೆ ದೂರದವರಿಗೆ ಕಳುಹಿಸುವುದು.

ಉಚಿತ ವರ್ಚುವಲ್ ಸಮ್ಮೇಳನ ನಮ್ಮ ಊರಿನ ಬಾಗಿಲಿಗೆ ತಂದಿರುವುದು ಮಾತನ್ನು. ಆ ಮಾತಿನಿಂದ ಹೊಸತೇನಾದರೂ ಹುಟ್ಟಬೇಕಾದರೆ ಅದಕ್ಕೆ ಬೇಕಾದ ಮೌನ, ನಡಿಗೆ, ಜೊತೆಗಾರ ಮತ್ತು ತಕ್ಕಡಿಯನ್ನು ನಾವೇ ಒದಗಿಸಬೇಕು. ಅವೆಲ್ಲ ಕಡೂರಿನಲ್ಲೂ ತರೀಕೆರೆಯಲ್ಲೂ ಅಜ್ಜಂಪುರದಲ್ಲೂ ಸಿಗುತ್ತವೆ, ಅವುಗಳಿಗೂ ಶುಲ್ಕವಿಲ್ಲ.